ಉಲ್ಲೇಖದ ಲೆಕ್ಕಕ್ಕೆ ಸಿಗದ ಡಾಕ್ಟರ್ ಏವರಿ

ಅಮೆರಿಕದಲ್ಲಿ ಗ್ರೀನ್ ಕಾರ್ಡಿಗಾಗಿ ಕಾಯುತ್ತಿರುವ ನಮ್ಮವರ ಪೈಕಿ ಸಂಶೋಧನೆಯಲ್ಲಿ ತೊಡಗಿರುವವರಿಗೆ ಒಂದು ಪ್ರತ್ಯೇಕ ದಾರಿಯಿದೆ. ತಮ್ಮ ಕ್ಷೇತ್ರದಲ್ಲಿ ತಾವು ಅಸಾಧಾರಣರೆಂದು ಸರ್ಕಾರಕ್ಕೆ ಮನವರಿಕೆ ಮಾಡಿಕೊಡಬಲ್ಲವರು ಬೇರೊಂದು ಸಾಲಿನಲ್ಲಿ ನಿಂತು ಅರ್ಜಿ ಹಾಕಬಹುದು. ಇಂಥ ಅರ್ಜಿಗಳಿಗೆ ಶಿಫಾರಸು ಪತ್ರ ಬರೆದುಕೊಡಿರೆಂದು ಕಿರಿಯ ಸಂಶೋಧಕರು ಹಿರಿಯ ವೈದ್ಯರನ್ನು ಕೇಳುವುದು ಇಲ್ಲಿ ವಾಡಿಕೆ. ನನ್ನ ಬಳಿಗೂ ವರ್ಷಕ್ಕೆ ಮೂರುನಾಲ್ಕು ಮಂದಿ ಬರುತ್ತಾರೆ. ಅವರು ಕೊಡುವ ಕಡತದ ಮೊದಲ ಪುಟದಲ್ಲೇ ಒಂದು ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ: ಅವರ ಪ್ರಬಂಧಗಳನ್ನು ಲೋಕದ ಇತರ ಸಂಶೋಧಕರು ಇದುವರೆಗೆ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ಅದರ ಪಕ್ಕದಲ್ಲಿ ಎಚ್-ಇಂಡೆಕ್ಸ್. ಇಪ್ಪತ್ತು ಪ್ರಬಂಧಗಳು ತಲಾ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿದ್ದರೆ ಆ ಅಂಕ 20. ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಈ ಸರಳ ಅಳತೆಗೋಲು ಇಂದು ಬಡ್ತಿ, ಅನುದಾನ, ವೀಸಾ ಎಲ್ಲವನ್ನೂ ಅಳೆಯುತ್ತಿದೆ.

ಈ ಅಂಕಗಳನ್ನು ಕಂಡಾಗಲೆಲ್ಲ ನನಗೆ ಓಸ್ವಾಲ್ಡ್ ಏವರಿ ನೆನಪಾಗುತ್ತಾರೆ. ಅವರೂ ಪರದೇಶದಿಂದ ಈ ನೆಲಕ್ಕೆ ಬಂದವರು, ನನ್ನಂತೆಯೇ ಎಂ.ಡಿ. ಪದವಿ ಪಡೆದ ವೈದ್ಯರು. ವಂಶವಾಹಿಗಳು ಡಿಎನ್‌ಎಯಿಂದಾಗಿವೆ ಎಂಬುದನ್ನು ಪ್ರಯೋಗದಿಂದ ಮೊದಲು ತೋರಿಸಿಕೊಟ್ಟವರು. ಅಣುಜೀವವಿಜ್ಞಾನವೆಂಬ ಶಾಸ್ತ್ರವೇ ಅವರ ಒಂದು ಪ್ರಬಂಧದಿಂದ ಹುಟ್ಟಿತೆಂದರೆ ತಪ್ಪಾಗದು. ಆದರೂ ವಾಟ್ಸನ್ ಮತ್ತು ಕ್ರಿಕ್ ಹೆಸರನ್ನು ಬಲ್ಲ ನಮ್ಮ ಹೈಸ್ಕೂಲು ಹುಡುಗರು ಏವರಿಯ ಹೆಸರನ್ನು ಕೇಳಿರುವುದಿಲ್ಲ. ಎಂಬಿಬಿಎಸ್ ಓದುವಾಗ ನಮಗೂ ಅವರು ಜೀವರಸಾಯನಶಾಸ್ತ್ರದ ಪಠ್ಯಪುಸ್ತಕದ ಒಂದು ವಾಕ್ಯವಷ್ಟೇ ಆಗಿದ್ದರು.

ಏವರಿ ಹುಟ್ಟಿದ್ದು 1877ರ ಅಕ್ಟೋಬರ್ 21ರಂದು, ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಹ್ಯಾಲಿಫ್ಯಾಕ್ಸ್ ನಗರದಲ್ಲಿ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಬ್ಯಾಪ್ಟಿಸ್ಟ್ ಪಾದ್ರಿ. 1887ರಲ್ಲಿ ಕುಟುಂಬ ನ್ಯೂಯಾರ್ಕಿಗೆ ಬಂದು, ವಲಸಿಗರೂ ಬಡವರೂ ಕಿಕ್ಕಿರಿದಿದ್ದ ಲೋವರ್ ಈಸ್ಟ್ ಸೈಡಿನ ಮ್ಯಾರಿನರ್ಸ್ ಟೆಂಪಲ್ ಎಂಬ ಇಗರ್ಜಿಯಲ್ಲಿ ನೆಲೆನಿಂತಿತು. ಹುಡುಗ ಓಸ್ವಾಲ್ಡ್ ಕಾರ್ನೆಟ್ ವಾದ್ಯವನ್ನು ನುಡಿಸಲು ಕಲಿತು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಊದಿ ಜನರನ್ನು ಪ್ರಾರ್ಥನೆಗೆ ಕರೆಯುತ್ತಿದ್ದನಂತೆ. 1892ರಲ್ಲಿ ಒಂದೇ ವರ್ಷದೊಳಗೆ ಅಣ್ಣನೂ ತಂದೆಯೂ ತೀರಿಕೊಂಡರು. ಉಳಿದವರು ತಾಯಿ, ಓಸ್ವಾಲ್ಡ್ ಮತ್ತು ಪುಟ್ಟ ತಮ್ಮ ರಾಯ್. ತಮ್ಮನ ಮೇಲಿನ ಆ ಹೊಣೆಗಾರಿಕೆಯ ಭಾವ ಏವರಿಯನ್ನು ಕೊನೆಯವರೆಗೂ ಬಿಡಲಿಲ್ಲ. ಅವರು ಮದುವೆಯಾಗಲಿಲ್ಲ.

ಕೋಲ್ಗೇಟ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಸಾಹಿತ್ಯ, ತತ್ತ್ವಶಾಸ್ತ್ರ, ಭಾಷಣಕಲೆಗಳನ್ನು, ವಿಜ್ಞಾನವನ್ನು ಅಲ್ಲ. 1900ರಲ್ಲಿ ಬಿ.ಎ. ಮುಗಿಸಿದವರು ಯಾವ ಪೂರ್ವಸಿದ್ಧತೆಯೂ ಇಲ್ಲದಂತೆ ಕೊಲಂಬಿಯಾದ ವೈದ್ಯಕೀಯ ಕಾಲೇಜಿಗೆ ಸೇರಿ 1904ರಲ್ಲಿ ವೈದ್ಯರಾದರು. ಕೆಲವು ವರ್ಷ ರೋಗಿಗಳನ್ನು ನೋಡಿದರು. ಎದೆಯ ಕಾಯಿಲೆಯಿಂದ ನರಳುವವರ ಮಂಚದ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದರ ಹೊರತು ಅಂದಿನ ವೈದ್ಯನಿಗೆ ಹೆಚ್ಚಿನದೇನೂ ಸಾಧ್ಯವಿರಲಿಲ್ಲ. ಆ ನಿಸ್ಸಹಾಯಕತೆಯನ್ನು ಅವರು ಸಹಿಸಲಾರದೆ ಹೋದರು. 1907ರಲ್ಲಿ ಬ್ರೂಕ್ಲಿನ್‌ನ ಹೋಗ್‌ಲ್ಯಾಂಡ್ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರ ಕೆಲಸವನ್ನು ಗಮನಿಸಿದ ರೂಫಸ್ ಕೋಲ್, 1913ರಲ್ಲಿ ಅವರನ್ನು ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಗೆ ಕರೆದುಕೊಂಡರು. ಮುಂದಿನ ಮೂವತ್ತೈದು ವರ್ಷ ಅವರ ವಿಳಾಸ ಅದೇ. ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಲು ಹೊರಟಾಗ ತಾನಿನ್ನೂ ಅಮೆರಿಕದ ಪ್ರಜೆಯೇ ಆಗಿಲ್ಲವೆಂಬುದು ತೊಡಕಾಯಿತು. ಅಧಿಕಾರಿಯಾಗಲು ಅರ್ಹತೆಯಿಲ್ಲದೆ ಸಾಮಾನ್ಯ ಸೈನಿಕನಾಗಿ ಸೇರಿ, 1918ರಲ್ಲಿ ಪೌರತ್ವ ಪಡೆದ ಮೇಲೆ ಕ್ಯಾಪ್ಟನ್ ಆದರು. ಪೌರತ್ವ ಕೊಡುವಾಗ ಯಾರೂ ಅವರ ಉಲ್ಲೇಖಸಂಖ್ಯೆಯನ್ನು ಕೇಳಲಿಲ್ಲ.

ರಾಕ್‌ಫೆಲರ್ ಆಸ್ಪತ್ರೆ ಅವರಿಗೆ ವಹಿಸಿದ್ದು ನ್ಯುಮೋನಿಯಾ. ಪೆನಿಸಿಲಿನ್ ಬರುವ ಮೊದಲಿನ ಆ ಕಾಲದಲ್ಲಿ ನ್ಯುಮೋಕಾಕಸ್ ಎಂಬ ರೋಗಾಣು ಹಳ್ಳಿ ದಿಲ್ಲಿ ನೋಡದೆ ಜನರನ್ನು ಒಯ್ಯುತ್ತಿತ್ತು. ಈ ರೋಗಾಣುವಿನಲ್ಲಿ ಹಲವು ಬಗೆಗಳುಂಟು. ಒಂದು ಬಗೆಯ ವಿರುದ್ಧ ಕುದುರೆಯಲ್ಲಿ ತಯಾರಿಸಿದ ಸೀರಂ ಇನ್ನೊಂದು ಬಗೆಗೆ ನಾಟುವುದಿಲ್ಲ. ಆದ್ದರಿಂದ ರೋಗಿಯ ಎದೆಯಲ್ಲಿರುವುದು ಯಾವ ಬಗೆಯೆಂದು ಮೊದಲು ತಿಳಿಯಬೇಕಿತ್ತು. 1917ರಲ್ಲಿ ಏವರಿ ಮತ್ತು ಅವರ ಗೆಳೆಯ ಆಲ್ಫೋನ್ಸ್ ಡೋಷೆ ರೋಗಿಗಳ ರಕ್ತ ಮತ್ತು ಮೂತ್ರದಲ್ಲಿ ರೋಗಾಣುವಿನ ಬಗೆಯನ್ನು ಸಾರುವ ಒಂದು ಕರಗುವ ವಸ್ತುವನ್ನು ಪತ್ತೆಹಚ್ಚಿದರು. ಅದು ರೋಗಾಣುವಿನ ಹೊರಕವಚದಿಂದ ಕಳಚಿ ಬರುವಂಥದು. 1923ರಲ್ಲಿ ಮೈಕಲ್ ಹೈಡಲ್‌ಬರ್ಗರ್ ಎಂಬ ರಸಾಯನಜ್ಞನ ಜೊತೆಗೂಡಿ, ಆ ವಸ್ತು ಪ್ರೋಟೀನ್ ಅಲ್ಲ, ಸಕ್ಕರೆಯ ಅಣುಗಳ ಸರಪಳಿ ಎಂದು ತೋರಿಸಿದರು. ಪ್ರೋಟೀನ್ ಮಾತ್ರವೇ ದೇಹದ ರೋಗನಿರೋಧವನ್ನು ಕೆರಳಿಸಬಲ್ಲದೆಂದು ನಂಬಿದ್ದ ಕಾಲದಲ್ಲಿ ಇದನ್ನು ಒಪ್ಪಿದವರು ಕಡಮೆ. ಪ್ರೋಟೀನ್ ಅಲ್ಲದ್ದನ್ನು ಪ್ರೋಟೀನ್ ಅಲ್ಲವೆಂದು ಹೇಳಿ ಸಂಶಯಕ್ಕೆ ಗುರಿಯಾಗುವ ಯೋಗ ಅವರಿಗೆ ಎರಡು ಸಲ ಬಂತು, ಇದು ಮೊದಲನೆಯದು.

ವೈದ್ಯನಾಗಿ ನಾನು ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಚಿಕಿತ್ಸಾಲಯಕ್ಕೆ ಬರುವ ವಯಸ್ಸಾದ ರೋಗಿಗಳಿಗೂ, ಊರಿನಿಂದ ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳಿಗೂ ನ್ಯುಮೋನಿಯಾದ ಲಸಿಕೆಯನ್ನು ಹಾಕಿಸಿಕೊಳ್ಳಿರೆಂದು ನಾನು ದಿನವೂ ಹೇಳುತ್ತೇನೆ. ಆ ಲಸಿಕೆಯಲ್ಲಿರುವುದು ಇದೇ ಕವಚದ ಸಕ್ಕರೆ. ಸಕ್ಕರೆಯನ್ನು ಪ್ರೋಟೀನಿಗೆ ಅಂಟಿಸಿದರೆ ಅದರ ವಿರುದ್ಧ ದೇಹ ಪ್ರಬಲವಾಗಿ ಪ್ರತಿಕಾಯಗಳನ್ನು ತಯಾರಿಸುತ್ತದೆಂದು ಏವರಿ ಮತ್ತು ವಾಲ್ಟರ್ ಗೋಬೆಲ್ 1930ರ ಸುಮಾರಿಗೆ ಪ್ರಾಣಿಗಳಲ್ಲಿ ತೋರಿಸಿದ್ದರು. ಭಾರತದಲ್ಲಿ 2017ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಕೊಂಡಿರುವ ಶಿಶುಗಳ ನ್ಯುಮೋಕಾಕಲ್ ಲಸಿಕೆ ನಿಂತಿರುವುದು ಅದೇ ತತ್ತ್ವದ ಮೇಲೆ. ಇನ್ನೊಂದು ಸಂಗತಿ ಓದುಗರಿಗೆ ಹೆಚ್ಚು ಹತ್ತಿರದ್ದು. ಕೋವಿಡ್ ದಿನಗಳಲ್ಲಿ ಮನೆಮನೆಯಲ್ಲೂ ಜನ ಸಿಆರ್‌ಪಿ ಎಷ್ಟು ಬಂದಿದೆಯೆಂದು ಆತಂಕದಿಂದ ವಿಚಾರಿಸುತ್ತಿದ್ದುದು ನೆನಪಿರಬಹುದು. ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರಿನಲ್ಲಿರುವ ಆ ‘ಸಿ’ ಅಕ್ಷರ ನ್ಯುಮೋಕಾಕಸ್‌ನಿಂದ ಬೇರ್ಪಡಿಸಿದ ಒಂದು ಅಂಶದ ಗುರುತು. 1930ರಲ್ಲಿ ಅದು ಗೋಚರಿಸಿದ್ದು ಏವರಿಯ ಪ್ರಯೋಗಾಲಯದಲ್ಲಿ, ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಕಿರಿಯರಿಗೆ. ಆ ಪ್ರಬಂಧದಲ್ಲಿ ಏವರಿಯ ಹೆಸರಿಲ್ಲ.

ಹೆಸರಿಲ್ಲದಿರುವುದು ಆಕಸ್ಮಿಕವಲ್ಲ, ಅವರ ನಿಯಮ. ತಾನು ಸ್ವತಃ ಕೈಯಾಡಿಸದ ಕೆಲಸದ ಮೇಲೆ ಅವರು ಹೆಸರು ಹಾಕುತ್ತಿರಲಿಲ್ಲ. ಕೆಲಸದ ಹಿಂದಿನ ಯೋಚನೆ ಅವರದಾಗಿರಬಹುದು, ಹಸ್ತಪ್ರತಿಯನ್ನು ಸಾಲುಸಾಲಾಗಿ ತಿದ್ದಿದವರು ಅವರೇ ಆಗಿರಬಹುದು. ಆದರೂ ಕರ್ತೃಗಳು ಕಿರಿಯರೇ. ಇಂದು ಪ್ರಯೋಗಾಲಯದ ಮುಖ್ಯಸ್ಥನ ಹೆಸರು ಪಟ್ಟಿಯ ಕೊನೆಯಲ್ಲಿ ಬರುವುದು ರೂಢಿಯಾಗಿ, ಎಚ್-ಇಂಡೆಕ್ಸ್‌ನ ಬೆಳೆ ಸೊಂಪಾಗಿ ಬೆಳೆಯುವುದು ಆ ಕೊನೆಯ ಸ್ಥಾನದಲ್ಲೇ. ಏವರಿಯ ಕಾಲದಲ್ಲೂ ಹಿರಿಯರು ಹೆಸರು ಸೇರಿಸುತ್ತಿರಲಿಲ್ಲವೆಂದಲ್ಲ. ಇವರು ಸೇರಿಸಲಿಲ್ಲ, ಅಷ್ಟೆ.

1928ರಲ್ಲಿ ಲಂಡನ್ನಿನ ಫ್ರೆಡ್ ಗ್ರಿಫಿತ್ ಎಂಬ ವೈದ್ಯಾಧಿಕಾರಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಕವಚವಿಲ್ಲದ ನಿರಪಾಯಕಾರಿ ನ್ಯುಮೋಕಾಕಸ್ ಅನ್ನು, ಕಾಯಿಸಿ ಕೊಂದ ಕವಚಧಾರಿ ನ್ಯುಮೋಕಾಕಸ್ ಜೊತೆಗೆ ಇಲಿಗೆ ಚುಚ್ಚಿದರೆ ಇಲಿ ಸಾಯುತ್ತಿತ್ತು; ಸತ್ತ ಇಲಿಯ ರಕ್ತದಲ್ಲಿ ಜೀವಂತ ಕವಚಧಾರಿಗಳು ಸಿಗುತ್ತಿದ್ದವು. ಸತ್ತದ್ದು ಬದುಕಿದ್ದಕ್ಕೆ ತನ್ನ ಗುಣವನ್ನು ಕೊಟ್ಟಿತ್ತು, ಆ ಗುಣ ಮುಂದಿನ ಪೀಳಿಗೆಗಳಿಗೂ ಇಳಿಯುತ್ತಿತ್ತು. ರೋಗಾಣುವಿನ ಬಗೆಗಳು ಸ್ಥಿರವೆಂದು ಹದಿನೈದು ವರ್ಷ ದುಡಿದು ಸಾಧಿಸಿದ್ದ ಏವರಿಗೆ ಇದು ನಂಬಲರ್ಹವೆನಿಸಲಿಲ್ಲ. ಅವರ ಪ್ರಯೋಗಾಲಯದಲ್ಲೇ ಇದ್ದ ಮಾರ್ಟಿನ್ ಡಾಸನ್ ನಂಬಿದ, ಮಾಡಿ ನೋಡಿದ, ನಿಜವೆಂದು ತೋರಿಸಿದ. ಅನಂತರ ಲಯನೆಲ್ ಅಲೊವೇ ಇಲಿಯನ್ನೂ ಇಡೀ ಜೀವಕೋಶವನ್ನೂ ಬಿಟ್ಟು, ಸೋಸಿದ ದ್ರವದಿಂದಲೇ ಈ ರೂಪಾಂತರವನ್ನು ಸಾಧಿಸಿದ. ಆ ಪ್ರಬಂಧಗಳಲ್ಲೂ ಏವರಿಯ ಹೆಸರಿಲ್ಲ. ಹಾಗಾದರೆ ಆ ದ್ರವದಲ್ಲಿರುವ ರೂಪಾಂತರಕಾರಿ ವಸ್ತು ಯಾವುದು? ಈ ಪ್ರಶ್ನೆ ಏವರಿಯನ್ನು ಹಿಡಿದುಕೊಂಡಿತು.

1934ರಲ್ಲಿ ಅವರಿಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಗ್ರೇವ್ಸ್ ಕಾಯಿಲೆ ಅವರನ್ನು ಹಲವು ವರ್ಷ ಹಣ್ಣು ಮಾಡಿತ್ತು. ಆ ಹೊತ್ತಿಗೆ ಕಾಲಿನ್ ಮೆಕ್ಲಾಯ್ಡ್ ಎಂಬ ಯುವ ವೈದ್ಯ ಸೇರಿಕೊಂಡ. ಆತನೂ ನೋವಾ ಸ್ಕೋಷಿಯಾದವನೇ, ಡಾಸನ್ ಕೂಡ ಆ ಪ್ರಾಂತದವನೇ. ಪರದೇಶದಲ್ಲಿ ಊರ ಕಡೆಯವರು ಒಂದೆಡೆ ಸೇರುವುದು ನಮಗೆ ಮಾತ್ರ ಸೀಮಿತವಾದ ಚಾಳಿಯಲ್ಲವೆಂದು ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ಕೆಲಸ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಒಂದು ದಿನ ಆದ ರೂಪಾಂತರ ಮರುದಿನ ಆಗುತ್ತಿರಲಿಲ್ಲ. ಏಳೆಂಟು ವರ್ಷಗಳ ಆ ದುಡಿಮೆಯಿಂದ ರೂಪಾಂತರಕಾರಿ ವಸ್ತುವಿನ ಬಗ್ಗೆ ಒಂದು ಪ್ರಬಂಧವೂ ಹೊರಬರಲಿಲ್ಲ. ಇಂದಿನ ಸಹಾಯಕ ಪ್ರಾಧ್ಯಾಪಕನೊಬ್ಬ ಹೀಗೆ ಬರಿಗೈಯಲ್ಲಿ ಕುಳಿತಿದ್ದರೆ ಅನುದಾನವೂ ಕೊಠಡಿಯೂ ಉಳಿಯುತ್ತಿರಲಿಲ್ಲ. ರಾಕ್‌ಫೆಲರ್ ಸಂಸ್ಥೆ ಏವರಿಯನ್ನು ಏನೂ ಕೇಳದೆ ಬಿಟ್ಟಿತು. ಆ ಸಂಸ್ಥೆಯ ಬಗ್ಗೆ ನಾನು ಬೇರೆ ಏನನ್ನು ಮೆಚ್ಚದಿದ್ದರೂ ಇದೊಂದನ್ನು ಮೆಚ್ಚುತ್ತೇನೆ.

1940ರಲ್ಲಿ ಕೆಲಸ ಮತ್ತೆ ಚುರುಕಾಯಿತು. ರೋಗಾಣುಗಳನ್ನು ಹಂಡೆಗಟ್ಟಲೆ ಬೆಳೆಸಿ, ಹಾಲಿನಿಂದ ಕೆನೆ ತೆಗೆಯುವ ಯಂತ್ರದ ಜಾತಿಯ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಒಟ್ಟುಗೂಡಿಸಬೇಕಿತ್ತು. ಆ ಯಂತ್ರ ಪ್ರಾಣಾಂತಕ ರೋಗಾಣುಗಳ ತುಂತುರನ್ನು ಗಾಳಿಗೆ ಎರಚುತ್ತಿದ್ದುದರಿಂದ ಅದನ್ನು ಪೆಟ್ಟಿಗೆಯೊಳಗೆ ಮುಚ್ಚಿದರು. 1941ರಲ್ಲಿ ಮೆಕ್ಲಾಯ್ಡ್ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದ. ಮಕ್ಕಳ ವೈದ್ಯನಾಗಿ ತರಬೇತಿ ಪಡೆದಿದ್ದ ಮ್ಯಾಕ್ಲಿನ್ ಮೆಕಾರ್ಟಿ ಬಂದ. 75 ಲೀಟರ್ ಸಾರಿನಿಂದ ಕೊನೆಗೆ ಕೈಗೆ ಸಿಗುತ್ತಿದ್ದುದು 10ರಿಂದ 25 ಮಿಲಿಗ್ರಾಂ ವಸ್ತು. ಮದ್ಯಸಾರವನ್ನು ಹನಿಹನಿಯಾಗಿ ಸೇರಿಸಿ ಕಲಕಿದಾಗ ಅದು ಕಡ್ಡಿಗೆ ಬಿಳಿಯ ನೂಲಿನಂತೆ ಸುತ್ತಿಕೊಳ್ಳುತ್ತಿತ್ತು. 60 ಕೋಟಿ ಪಾಲು ದ್ರವದಲ್ಲಿ ಒಂದು ಪಾಲು ಇದ್ದರೂ ರೂಪಾಂತರ ಆಗುತ್ತಿತ್ತು. ಪ್ರೋಟೀನನ್ನು ಅರಗಿಸುವ ಕಿಣ್ವಗಳನ್ನು ಹಾಕಿದರೆ ಅದಕ್ಕೆ ಏನೂ ಆಗಲಿಲ್ಲ. ಆರ್‌ಎನ್‌ಎ ಅರಗಿಸುವ ಕಿಣ್ವಕ್ಕೂ ಜಗ್ಗಲಿಲ್ಲ. ಡಿಎನ್‌ಎಯನ್ನು ಒಡೆಯುವ ಕಿಣ್ವವಿದ್ದ ಸಾರಗಳನ್ನು ಹಾಕಿದರೆ ಶಕ್ತಿ ಇಲ್ಲವಾಗುತ್ತಿತ್ತು. ಸಾರಜನಕ ಮತ್ತು ರಂಜಕದ ಅನುಪಾತವೂ ಡಿಎನ್‌ಎಗೆ ಸಿದ್ಧಾಂತ ಹೇಳುವ 1.69ರ ಆಸುಪಾಸಿನಲ್ಲೇ ಇತ್ತು.

ಪ್ರಬಂಧ ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್ ಪತ್ರಿಕೆಯ 1944ರ ಫೆಬ್ರವರಿ ಸಂಚಿಕೆಯಲ್ಲಿ ಬಂತು. ಏವರಿಗೆ ಆಗ 66 ವರ್ಷ. ಮೂರು ವರ್ಷ ಮೊದಲೇ ಬಿಟ್ಟುಹೋಗಿದ್ದ ಮೆಕ್ಲಾಯ್ಡ್‌ನ ಹೆಸರು ಎರಡನೆಯದು, ಮೆಕಾರ್ಟಿಯದು ಮೂರನೆಯದು. ಶೀರ್ಷಿಕೆ ಉದ್ದವಾಗಿದೆ, ವಂಶವಾಹಿ ಎಂಬ ಪದವೇ ಅದರಲ್ಲಿಲ್ಲ. ಚರ್ಚೆಯ ಭಾಗದಲ್ಲಿ ಈ ವಸ್ತುವನ್ನು ವಂಶವಾಹಿಗೆ ಹೋಲಿಸಲಾಗಿದೆಯೆಂಬ ಮಾತು ಹಾದುಹೋಗುತ್ತದೆ, ನಿಲ್ಲುವುದಿಲ್ಲ. ತಾನು ಊದಿದ ಗುಳ್ಳೆಯನ್ನು ಇತರರು ಒಡೆಯುವ ಮೊದಲು ತಾನೇ ಚುಚ್ಚಿ ನೋಡಬೇಕೆಂಬುದು ಏವರಿಯ ಮನೋಧರ್ಮ. ಅವರು ಮನಬಿಚ್ಚಿ ಬರೆದದ್ದು ಒಂದೇ ಕಡೆ: 1943ರ ಮೇ ತಿಂಗಳಲ್ಲಿ ನ್ಯಾಶ್‌ವಿಲ್‌ನಲ್ಲಿದ್ದ ತಮ್ಮ ರಾಯ್‌ಗೆ ಬರೆದ ಕಾಗದದಲ್ಲಿ. ಇದು ವಂಶವಾಹಿಯೇ ಇರಬಹುದೆಂದು ಅಲ್ಲಿ ಹೇಳಿದ್ದಾರೆ. ರಾಯ್ ಅದೇ ಊರಿನಲ್ಲಿದ್ದ ಮ್ಯಾಕ್ಸ್ ಡೆಲ್‌ಬ್ರುಕ್‌ಗೆ ಆ ಕಾಗದವನ್ನು ತೋರಿಸಿದರು. ಮುಂದೆ ಅಣುಜೀವವಿಜ್ಞಾನದ ಗುರುವೆನಿಸಿಕೊಂಡ ಡೆಲ್‌ಬ್ರುಕ್ ಹೀಗೆ ಪ್ರಬಂಧಕ್ಕಿಂತ ಮೊದಲೇ ವಿಷಯ ತಿಳಿದವರು. ಆದರೂ ಅವರ ಬಳಗಕ್ಕೆ ಡಿಎನ್‌ಎ ಒಂದು ಪೆದ್ದು ಅಣುವಾಗಿಯೇ ತೋರುತ್ತಿತ್ತು.

ಕಾರಣ ಇಲ್ಲದಿರಲಿಲ್ಲ. ರಾಕ್‌ಫೆಲರ್ ಸಂಸ್ಥೆಯಲ್ಲೇ ದುಡಿದಿದ್ದ ಫೀಬಸ್ ಲೆವೀನ್ ಎಂಬ ಮಹಾ ರಸಾಯನಜ್ಞ, ಡಿಎನ್‌ಎಯಲ್ಲಿ ನಾಲ್ಕು ಘಟಕಗಳು ಒಂದೇ ಕ್ರಮದಲ್ಲಿ ಮರುಕಳಿಸುತ್ತವೆಂದು ಪ್ರತಿಪಾದಿಸಿದ್ದರು. ನಾಲ್ಕೇ ಅಕ್ಷರಗಳನ್ನು ಒಂದೇ ಸಮನೆ ಜಪಿಸುವ ವಸ್ತು ಜೀವದ ಗ್ರಂಥವನ್ನು ಹೇಗೆ ಬರೆದೀತು? ಅದೇ ಸಂಸ್ಥೆಯ ಆಲ್ಫ್ರೆಡ್ ಮಿರ್‌ಸ್ಕಿ, ಏವರಿಯ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು ಪ್ರೋಟೀನ್ ಅಡಗಿದ್ದರೂ ಪರೀಕ್ಷೆಗೆ ಸಿಗದೆಂದು ವರ್ಷಗಟ್ಟಲೆ ವಾದಿಸಿದರು. ಎದುರಾಳಿ ಪಕ್ಕದ ಕಟ್ಟಡದಲ್ಲೇ ಇದ್ದ; ಏವರಿ ಸಭೆಗಳಲ್ಲಿ ಜಗಳಕ್ಕೆ ನಿಲ್ಲುವ ಪೈಕಿಯಲ್ಲ. 1950ರಲ್ಲಿ ತಳಿವಿಜ್ಞಾನದ ಸುವರ್ಣಮಹೋತ್ಸವಕ್ಕೆ 26 ವಿದ್ವಾಂಸರು ಪ್ರಬಂಧ ಮಂಡಿಸಿದಾಗ ಏವರಿಯ ಶೋಧದ ಬಗ್ಗೆ ನಾಲ್ಕು ಮಾತನಾಡಿದವರು ಒಬ್ಬರೇ, ಮಿರ್‌ಸ್ಕಿ. ಅದೂ ಸಂಶಯ ಸೂಚಿಸಲು. 1953ರ ವಾಟ್ಸನ್ ಮತ್ತು ಕ್ರಿಕ್ ಅವರ ಒಂದು ಪುಟದ ಪ್ರಬಂಧದ ಉಲ್ಲೇಖಪಟ್ಟಿಯಲ್ಲಿ ಏವರಿಯ ಹೆಸರಿಲ್ಲ.

ಉಲ್ಲೇಖಗಳನ್ನು ಎಣಿಸುವ ಶಾಸ್ತ್ರಕ್ಕೆ ಏವರಿ ಒಗಟಾದದ್ದು ಇಲ್ಲಿಯೇ. ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಆರಂಭಿಸಿದ ಮೇಲೆ ಪ್ರಬಂಧಗಳ ಸಂತತಿಯನ್ನು ಹುಡುಕುವುದು ಸುಲಭವಾಯಿತು. 1972ರಲ್ಲಿ ಎಚ್.ವಿ. ವ್ಯಾಟ್ ಎಂಬವರು ನೇಚರ್ ಪತ್ರಿಕೆಯಲ್ಲಿ, ಏವರಿಯ ಪ್ರಬಂಧವನ್ನು ಮೊದಲ ದಶಕದಲ್ಲಿ ಯಾರು ಉಲ್ಲೇಖಿಸಿದರು, ಯಾರು ಉಲ್ಲೇಖಿಸಲಿಲ್ಲ ಎಂಬುದನ್ನೇ ವಿಷಯವಾಗಿಸಿಕೊಂಡು ಬರೆದರು: ಸೂಕ್ಷ್ಮಜೀವಿಶಾಸ್ತ್ರಜ್ಞರಿಗೆ ಅದು ಪರಿಚಿತ, ತಳಿವಿಜ್ಞಾನಿಗಳ ಬರಹದಲ್ಲಿ ಅಪರೂಪ. ಅದೇ ವರ್ಷ ಗುಂಥರ್ ಸ್ಟೆಂಟ್ ಇದನ್ನು ಅಕಾಲದಲ್ಲಿ ಹುಟ್ಟಿದ ಶೋಧವೆಂದು ಕರೆದರು. ಆದರೆ ಜೋಶುವಾ ಲೆಡರ್‌ಬರ್ಗ್ ಒಪ್ಪಲಿಲ್ಲ. 1945ರ ಜನವರಿಯಲ್ಲಿ, ಇನ್ನೂ ಹತ್ತೊಂಬತ್ತರ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, ಆ ಪ್ರಬಂಧವನ್ನು ಓದಿಯೇ ಅವರು ಬ್ಯಾಕ್ಟೀರಿಯಾಗಳ ತಳಿವಿಜ್ಞಾನದತ್ತ ತಿರುಗಿದ್ದು. ಅದಕ್ಕೇ ಮುಂದೆ ನೊಬೆಲ್ ಪಡೆದದ್ದು. ಎರ್ವಿನ್ ಚಾರ್ಗಾಫ್ ಅದನ್ನು ಓದಿ ತಮ್ಮ ಇಡೀ ಪ್ರಯೋಗಾಲಯದ ದಿಕ್ಕನ್ನೇ ಬದಲಿಸಿ, ಲೆವೀನರ ಜಪಮಾಲೆ ಸುಳ್ಳೆಂದು ತೋರಿಸಿದರು. ಚಾರ್ಗಾಫರ ಅನುಪಾತಗಳಿಲ್ಲದೆ ವಾಟ್ಸನ್-ಕ್ರಿಕ್ ಮಾದರಿಯಿಲ್ಲ.

ನನ್ನ ಮಟ್ಟಿಗೆ ಲೆಡರ್‌ಬರ್ಗ್ ಮಾತಿನಲ್ಲಿ ತೂಕ ಹೆಚ್ಚು. ನೂರು ಜನ ಅಡಿಟಿಪ್ಪಣಿಯಲ್ಲಿ ಹೆಸರಿಸುವುದಕ್ಕೂ ಇಬ್ಬರು ತಮ್ಮ ಬದುಕಿನ ಕೆಲಸವನ್ನು ಬದಲಿಸಿಕೊಳ್ಳುವುದಕ್ಕೂ ಇರುವ ಅಂತರ ಪಟ್ಟಿಯಲ್ಲಿ ಕಾಣದು. ಮುಂದೊಂದು ತೊಡಕೂ ಉಂಟು. ಡಿಎನ್‌ಎ ವಂಶವಾಹಿಯೆಂಬುದು ಎಲ್ಲರೂ ಬಲ್ಲ ಸತ್ಯವಾದ ಮೇಲೆ ಏವರಿಯನ್ನು ಉಲ್ಲೇಖಿಸುವ ಅಗತ್ಯವೇ ಉಳಿಯಲಿಲ್ಲ. ಪಾಲಕ್ಕಿಯ ಮದುವಣಗಿತ್ತಿಯನ್ನು ಎಲ್ಲರೂ ನೋಡುತ್ತಾರೆ, ಹೊತ್ತವರ ಹೆಗಲನ್ನು ನೋಡುವವರಿಲ್ಲ. ನನ್ನ ಬಳಿ ಬರುವ ಯುವಕರ ಕಡತದಲ್ಲಿ ನಾನು ಈಗ ಮೊದಲು ಓದುವುದು ಅವರ ಪ್ರಬಂಧವೊಂದನ್ನು. ಸಂಖ್ಯೆಯ ಪುಟವನ್ನು ವಕೀಲರಿಗೆ ಬಿಡುತ್ತೇನೆ. ವಕೀಲರು ನನ್ನ ಪತ್ರದೊಳಕ್ಕೆ ಆ ಸಂಖ್ಯೆಯನ್ನೇ ಮತ್ತೆ ತುರುಕುತ್ತಾರೆ, ಅದು ಬೇರೆ ಮಾತು.

ನೊಬೆಲ್ ಸಮಿತಿಯ ಮುಂದೆ ಏವರಿಯ ಹೆಸರು 1930ರ ದಶಕದಿಂದಲೇ ಬರುತ್ತಿತ್ತು, ಹೆಚ್ಚಾಗಿ ಸಕ್ಕರೆಯ ಕವಚದ ಕೆಲಸಕ್ಕಾಗಿ. ಡಿಎನ್‌ಎ ಶೋಧದ ಕುರಿತು, ಆ ಅಣುವಿನ ಬಗ್ಗೆ ಸ್ವೀಡನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲ ಐನಾರ್ ಹಾಮರ್‌ಸ್ಟೆನ್ ಅವರೇ ಇನ್ನಷ್ಟು ಕಾಯುವುದು ಒಳಿತೆಂದರು. ರೊಲಿನ್ ಹಾಚ್‌ಕಿಸ್ ಪ್ರೋಟೀನ್ ಅಂಶವನ್ನು ನೂರಕ್ಕೆ 0.02ಕ್ಕೂ ಕೆಳಗೆ ಇಳಿಸಿ ತೋರಿಸಿದರು. 1952ರಲ್ಲಿ ಹರ್ಷಿ ಮತ್ತು ಚೇಸ್ ಅದಕ್ಕಿಂತ ಎಷ್ಟೋ ಕಡಮೆ ಶುದ್ಧಿಯ ಪ್ರಯೋಗದಿಂದ ಲೋಕವನ್ನು ಒಪ್ಪಿಸಿದರು. ಕಾಯುವಿಕೆ ಮುಗಿಯುವಷ್ಟರಲ್ಲಿ ಕಾಯಬೇಕಾದವರ ಆಯುಷ್ಯ ಮುಗಿದಿತ್ತು. ಬ್ರಿಟನ್ನಿನ ರಾಯಲ್ ಸೊಸೈಟಿ ಮಾತ್ರ 1945ರಲ್ಲೇ ಕೋಪ್ಲಿ ಪದಕ ಕೊಟ್ಟಿತು. ಏವರಿ ಲಂಡನ್ನಿಗೆ ಹೋಗಲಿಲ್ಲ. ಅಧ್ಯಕ್ಷ ಹೆನ್ರಿ ಡೇಲ್ ತಾವೇ ನ್ಯೂಯಾರ್ಕಿಗೆ ಬಂದು ಪದಕವನ್ನು ತಲುಪಿಸಿದರು.

1948ರಲ್ಲಿ ಏವರಿ ನ್ಯೂಯಾರ್ಕ್ ಬಿಟ್ಟು ನ್ಯಾಶ್‌ವಿಲ್‌ನಲ್ಲಿ ತಮ್ಮನ ಮನೆಯ ಹತ್ತಿರ ನೆಲೆಸಿದರು. ತೋಟದ ಕೆಲಸ, ರಾಯ್‌ನ ಮಕ್ಕಳ ಸಂಗ. ಬೇಸಗೆಯಲ್ಲಿ ಮೇನ್ ರಾಜ್ಯದ ಡಿಯರ್ ಐಲ್ ದ್ವೀಪದಲ್ಲಿ ಹಾಯಿದೋಣಿ ನಡೆಸುತ್ತಿದ್ದವರು ಕೊನೆಗೆ ಅದನ್ನೂ ಬಿಟ್ಟರು. ಡಿಎನ್‌ಎಯ ಜೋಡಿಸುರುಳಿಯ ಸುದ್ದಿ ಪ್ರಕಟವಾದಾಗ ಅವರಿನ್ನೂ ಬದುಕಿದ್ದರು. 1955ರ ಫೆಬ್ರವರಿ 20ರಂದು, ಯಕೃತ್ತಿನ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಹತ್ತು ವರ್ಷಗಳ ಬಳಿಕ, 1965ರಲ್ಲಿ, ರಾಕ್‌ಫೆಲರ್ ಆವರಣದ ಒಂದು ಮಹಾದ್ವಾರಕ್ಕೆ ಅವರ ಹೆಸರಿಟ್ಟರು.